ಉಡುಪಿಯಿಂದ ಬೀದರ್‌ಗೆ ಬಂದೆ, ಚಳಿಗೆ ಮೈಯೆಲ್ಲ ಒಡೆಯುತ್ತಿದೆ, ಏನು ಮಾಡಲಿ?

ಕಡಲೂರಿನವಳು · ಡಿಸೆಂಬರ್ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು, ನಮ್ಮ ಮನೆಯಿಂದ ಸಮುದ್ರಕ್ಕೆ ಎರಡು ಕಿಲೋಮೀಟರ್ ಅಷ್ಟೆ. ಜೂನ್‌ನಲ್ಲಿ ಬೀದರ್‌ಗೆ ಬಂದೆ, ಹೈಸ್ಕೂಲ್ ಟೀಚರ್ ಕೆಲಸ. ಊರಲ್ಲಿದ್ದಾಗ ಚರ್ಮದ ತೊಂದರೆ ಅಂದರೆ ನನಗೆ ಗೊತ್ತಿದ್ದದ್ದು ಬೆವರುಸಾಲೆ ಒಂದೇ. ಲೋಷನ್ ಬಾಟಲಿಯನ್ನು ಯಾವತ್ತೂ ದುಡ್ಡು ಕೊಟ್ಟು ತಂದವಳಲ್ಲ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಶುರುವಾಯಿತು. ಮೊದಲು ತುಟಿ. ಆಮೇಲೆ ಮೊಣಕಾಲಿನ ಕೆಳಗೆ. ಈಗ ಹಿಮ್ಮಡಿ ಸೀಳಿದೆ, ರಾತ್ರಿ ಹೊದಿಕೆಗೆ ಸಿಕ್ಕಿಕೊಂಡು ಪರ ಪರ ಅನ್ನುತ್ತದೆ. ಮೊನ್ನೆ ಕ್ಲಾಸಿನಲ್ಲಿ ಒಬ್ಬ ಹುಡುಗ ತನ್ನ ಕಾಲ ಮೇಲೆ ಉಗುರಲ್ಲಿ ಹೆಸರು ಬರೆದು ಪಕ್ಕದವನಿಗೆ ತೋರಿಸುತ್ತಿದ್ದ. ಬೈದು ಕೂರಿಸಿದೆ. ಮನೆಗೆ ಬಂದು ನಾನೂ ಬರೆದು ನೋಡಿದೆ, ಚೆನ್ನಾಗಿಯೇ ಮೂಡಿತು.

ನಾನು ಮಾಡುತ್ತಿರುವುದು ಇಷ್ಟು: ಬೆಳಿಗ್ಗೆ ಎದ್ದು ತೆಂಗಿನೆಣ್ಣೆ ಹಚ್ಚಿ (ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಚಮಚದಲ್ಲಿ ಕೆರೆದು ತೆಗೆಯಬೇಕು, ಊರಲ್ಲಿ ಇದನ್ನು ನೋಡಿದ್ದೇ ಇಲ್ಲ), ಕುದಿಯುವ ಹಾಗಿರುವ ನೀರಿನಲ್ಲಿ ಅರ್ಧ ಗಂಟೆ ಸ್ನಾನ, ಎಣ್ಣೆ ಹೋಗಲಿ ಅಂತ ಕಡಲೆಹಿಟ್ಟು ಹಾಕಿ ಚೆನ್ನಾಗಿ ತಿಕ್ಕುವುದು, ಆಮೇಲೆ ಸೋಪು. ಬಟ್ಟೆ ಹಾಕಿಕೊಂಡು ಸ್ಕೂಲಿಗೆ ಓಡುವುದು. ಹನ್ನೊಂದು ಗಂಟೆಗೆಲ್ಲ ಕಾಲು ಬೂದಿ ಬಳಿದ ಹಾಗೆ.

ಫೋನಿನಲ್ಲಿ ಬೆಳಿಗ್ಗೆ 11 ಡಿಗ್ರಿ, ಮಧ್ಯಾಹ್ನ 28 ತೋರಿಸುತ್ತದೆ. ಅಂಥ ದೊಡ್ಡ ಚಳಿ ಏನಲ್ಲ ಅಲ್ವಾ? ಹಾಗಿದ್ದರೆ ಇಷ್ಟೊಂದು ಯಾಕೆ?

ಬೀದರ್ ಥಂಡಿ · ಡಿಸೆಂಬರ್ 8, ರಾತ್ರಿ 10:05

ಟೀಚರ್, ನಮ್ಮೂರಿಗೆ ಸ್ವಾಗತ. ಬೇಸಿಗೆ ಇನ್ನೂ ನೋಡಿಲ್ಲ ನೀವು, ಆಗ ಇನ್ನೊಂದು ಪೋಸ್ಟ್ ಹಾಕುತ್ತೀರಿ.

ಬೀದರ್ ಇರುವುದು ಎತ್ತರದ ಬಯಲಿನ ಮೇಲೆ, ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸು. ಸಮುದ್ರ ಎಲ್ಲೋ ದೂರ. ಚಳಿಗಾಲದಲ್ಲಿ ಬೀಸುವ ಗಾಳಿ ಉತ್ತರದಿಂದ, ಒಣ ನೆಲದ ಮೇಲಿಂದ ಬರುತ್ತದೆ. ಅದೇ ಫೋನಿನಲ್ಲಿ ಡಿಗ್ರಿಯ ಕೆಳಗೆ ತೇವಾಂಶ ಅಂತ ಇರುತ್ತದೆ ನೋಡಿ. ನಿಮ್ಮ ಊರಿನದನ್ನೂ ಇಲ್ಲಿಯದನ್ನೂ ಪಕ್ಕದಲ್ಲಿಟ್ಟು ನೋಡಿ, ಮಧ್ಯಾಹ್ನ ಹೊತ್ತಿಗೆ ನೋಡಿ. ಉತ್ತರ ಅಲ್ಲೇ ಇದೆ.

ಇಲ್ಲಿ ಎಲ್ಲರ ಮನೆಯಲ್ಲೂ ಒಂದು ವ್ಯಾಸಲೀನ್ ಡಬ್ಬಿ ಇರುತ್ತದೆ. ನನ್ನ ಅಜ್ಜಿಯ ಡಬ್ಬಿ ಕವಡಿ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ರಾತ್ರಿ ಹಿಂಬಡಕ್ಕೆ (ಹಿಮ್ಮಡಿಗೆ ನಾವು ಹಾಗನ್ನುತ್ತೇವೆ) ಹಚ್ಚಿ ಹಳೇ ಸಾಕ್ಸ್ ಹಾಕಿ ಮಲಗಿ.

ಬಚ್ಚಲೊಲೆ · ಡಿಸೆಂಬರ್ 8, ರಾತ್ರಿ 10:31

ಎಣ್ಣೆ ಹಚ್ಚುವುದು ಸರಿ, ಬಿಸಿನೀರೂ ಸರಿ. ತಲೆತಲಾಂತರದಿಂದ ಹಂಡೆ ನೀರಲ್ಲಿ ಮಿಂದು ಬಂದವರು ನಾವು. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವುದು, ಮಾರನೇ ಬೆಳಿಗ್ಗೆ ಎಣ್ಣೆ ಸ್ನಾನ, ಇದೆಲ್ಲ ಚಳಿ ಶುರುವಾಗುವ ಹೊತ್ತಿಗೇ ಯಾಕೆ ಬಂತು ಹೇಳಿ? ನಮ್ಮ ಹಿರಿಯರಿಗೆ ಗೊತ್ತಿತ್ತು. ಬಿಸಿನೀರು ಬಿಡಿ ಅಂತ ಯಾರಾದರೂ ಹೇಳಿದರೆ ನಾನು ಈ ಚರ್ಚೆಯಿಂದಲೇ ಎದ್ದು ಹೋಗುತ್ತೇನೆ.

ಟೊರಾಂಟೊದ ಹುಡುಗಿ · ಡಿಸೆಂಬರ್ 8, ರಾತ್ರಿ 11:50

ಎದ್ದು ಹೋಗಬೇಡಿ ಮಾರಾಯರೇ, ಆದರೆ ಬಿಸಿನೀರು ಕಮ್ಮಿ ಮಾಡಿ ಅಂತ ನಾನು ಹೇಳುವವಳೇ.

ನಾನು ಹಾಸನದವಳು, ಇಲ್ಲಿಗೆ ಬಂದು ಆರು ಚಳಿಗಾಲ ಆಯಿತು. ಮೊದಲ ವರ್ಷ ಕೈಬೆರಳ ಗೆಣ್ಣುಗಳು ಸೀಳಿ ರಕ್ತ ಬಂದಿತ್ತು. ಹೊರಗಿನ ಚಳಿಯೇ ಕಾರಣ ಅಂದುಕೊಂಡು ಮನೆಯೊಳಗೇ ಹೀಟರ್ ಜಾಸ್ತಿ ಮಾಡಿಕೊಂಡು ಕೂತೆ. ಇನ್ನೂ ಜಾಸ್ತಿಯಾಯಿತು. ಆಮೇಲೆ ತಿಳಿದದ್ದು ಇದು. ತಣ್ಣಗಿನ ಗಾಳಿ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಹೆಚ್ಚೆಂದರೆ 5 ಗ್ರಾಂ ನೀರಾವಿ, 22 ಡಿಗ್ರಿಯಲ್ಲಿ ಸುಮಾರು 19 ಗ್ರಾಂ. ಈಗ ಹೊರಗಿನ ಆ 5 ಗ್ರಾಂ ಗಾಳಿಯನ್ನೇ ಒಳಗೆ ತಂದು 22ಕ್ಕೆ ಕಾಯಿಸಿ, ನೀರು ಸೇರಿಸಬೇಡಿ. ತೇವಾಂಶ 25 ಶೇಕಡಕ್ಕೆ ಬಂದು ನಿಲ್ಲುತ್ತದೆ. ಆ ಗಾಳಿಗೆ ಬಾಯಾರಿಕೆ, ಅದು ಕುಡಿಯುವುದು ನಮ್ಮ ಮೈಯಿಂದ.

ಬೀದರ್‌ನಲ್ಲಿ ಹೀಟರ್ ಇಲ್ಲ, ಆ ಕೆಲಸವನ್ನು ಮಧ್ಯಾಹ್ನದ ಬಿಸಿಲೇ ಮಾಡುತ್ತದೆ. ಬೆಳಗಿನ 11 ಡಿಗ್ರಿಯ ಗಾಳಿಯಲ್ಲಿದ್ದ ನೀರು ಅಷ್ಟೇ, ಅದೇ ಗಾಳಿ 28ಕ್ಕೆ ಕಾದಾಗ ಅದರ ದಾಹ ಎಷ್ಟಿರಬೇಡ. ಹಾಗಾಗಿ ಟೀಚರ್, ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಚಳಿಗಿಂತ ಒಣಗಾಳಿ. ಉಡುಪಿಯಲ್ಲಿ ಗಾಳಿಯೇ ನಿಮಗೆ ಲೋಷನ್ ಹಚ್ಚುತ್ತಿತ್ತು, ಪುಕ್ಕಟೆಯಾಗಿ.

ಕಡಲೂರಿನವಳು · ಡಿಸೆಂಬರ್ 9, ಬೆಳಿಗ್ಗೆ 6:15

ಫೋನ್ ನೋಡಿದೆ. ನಿನ್ನೆ ಮಧ್ಯಾಹ್ನ ತೇವಾಂಶ ಇಲ್ಲಿ 29, ಊರಲ್ಲಿ 61! ಅಮ್ಮನಿಗೆ ಹೇಳಿದರೆ "ಅದಕ್ಕೇ ಹೇಳಿದ್ದು ಅಷ್ಟು ದೂರ ಹೋಗಬೇಡ ಅಂತ" ಅಂದರು.

ಮೂರು ಲೀಟರ್ · ಡಿಸೆಂಬರ್ 9, ಬೆಳಿಗ್ಗೆ 8:02

ನೀರು ಕುಡಿಯಿರಿ. ದಿನಕ್ಕೆ ಮೂರು ಲೀಟರ್. ಎಲ್ಲ ಸರಿಹೋಗುತ್ತದೆ.

ಒಪಿಡಿ ಕೊಠಡಿ 6 · ಡಿಸೆಂಬರ್ 9, ಮಧ್ಯಾಹ್ನ 2:20

ಚರ್ಮದ ಡಾಕ್ಟರ್ ನಾನು, ಸರ್ಕಾರಿ ಆಸ್ಪತ್ರೆಯಲ್ಲಿ. ಡಿಸೆಂಬರ್ ಬಂತೆಂದರೆ ನನ್ನ ಕೊಠಡಿಯ ಮುಂದಿನ ಸಾಲು ಮೆಟ್ಟಿಲವರೆಗೆ ಹೋಗುತ್ತದೆ, ಅದರಲ್ಲಿ ಅರ್ಧ ಜನಕ್ಕೆ ಔಷಧಿಗಿಂತ ಸ್ನಾನ ಮಾಡುವ ಕ್ರಮ ಹೇಳಿಕೊಡಬೇಕಾಗುತ್ತದೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಅಲ್ಲಲ್ಲಿ ಬಿಟ್ಟುಹೋದರೆ ಕ್ಷಮಿಸಿ.

ನೀರು ಬಾಯಾರಿದಷ್ಟು ಕುಡಿಯಿರಿ, ಒಳ್ಳೆಯದೇ. ಆದರೆ ಕಾಲಿನ ಮೇಲ್ಪದರಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಕೊಡ ಸೋರುತ್ತಿದ್ದರೆ ಮೊದಲು ತೂತು ಮುಚ್ಚಬೇಕು. ಚರ್ಮದ ಹೊರಪದರ ಸತ್ತ ಜೀವಕೋಶಗಳ ಒಂದು ಗೋಡೆ, ಕೋಶಗಳ ನಡುವೆ ಜಿಡ್ಡಿನ ಗಾರೆ ಇರುತ್ತದೆ (ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ). ಆ ಗಾರೆ ಗಟ್ಟಿ ಇದ್ದರೆ ಒಳಗಿನ ನೀರು ಒಳಗೇ ಇರುತ್ತದೆ. ತುಂಬಾ ಬಿಸಿನೀರು ಆ ಜಿಡ್ಡನ್ನು ಕರಗಿಸಿ ತೆಗೆಯುತ್ತದೆ, ಬೆಣ್ಣೆ ಹತ್ತಿದ ಪಾತ್ರೆಯನ್ನು ಬಿಸಿನೀರಲ್ಲೇ ತೊಳೆಯುತ್ತೀರಿ ತಾನೆ, ಹಾಗೇ. ಉಳಿದದ್ದನ್ನು ಸೋಪು ತೆಗೆಯುತ್ತದೆ. ನಮ್ಮ ಚರ್ಮ ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಮಾಮೂಲಿ ಸೋಪು 9ರಿಂದ 10, ಅಂದರೆ ಕ್ಷಾರ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪಿನ ಕಿಟ್ಟ ಮೈಗೇ ಅಂಟಿಕೊಂಡು ಇನ್ನಷ್ಟು ಕೆರೆತ.

ಕಡಲೂರಿನವರೇ, ನೀವು ಮೊದಲು ಎಣ್ಣೆ ಹಚ್ಚಿ, ಆಮೇಲೆ ಆ ಎಣ್ಣೆಯ ಜೊತೆಗೆ ಚರ್ಮದ್ದೇ ಜಿಡ್ಡನ್ನೂ ಕಡಲೆಹಿಟ್ಟಿನಲ್ಲಿ ತಿಕ್ಕಿ ತೆಗೆದು, ಅದರ ಮೇಲೆ ಸೋಪು ಹಾಕಿ, ಒಣಗಾಳಿಗೆ ಬರಿಮೈಯಲ್ಲಿ ಹೊರಡುತ್ತಿದ್ದೀರಿ. ಕ್ರಮ ತಿರುಗಿಸಿ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಿ. ಸೋಪು ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೆ ಮಾತ್ರ. ಟವೆಲ್‌ನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಮೈ ಇನ್ನೂ ಪಸೆ ಪಸೆ ಇರುವಾಗಲೇ, ಬಚ್ಚಲಿನಿಂದ ಹೊರಗೆ ಬರುವ ಮೊದಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ. ಏನು ಹಚ್ಚುತ್ತೀರಿ ಅನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ ಅನ್ನುವುದು ಮುಖ್ಯ.

ಬಚ್ಚಲೊಲೆ · ಡಿಸೆಂಬರ್ 9, ಮಧ್ಯಾಹ್ನ 3:15

ಹಾಗಾದರೆ ಎಣ್ಣೆ ಸ್ನಾನ ತಪ್ಪು ಅನ್ನುತ್ತೀರಾ ಡಾಕ್ಟ್ರೇ?

ಒಪಿಡಿ ಕೊಠಡಿ 6 · ಡಿಸೆಂಬರ್ 9, ಸಂಜೆ 6:48

ಇಲ್ಲ ಸ್ವಾಮಿ. ಹಬ್ಬಕ್ಕೆ ಮಾಡಿ, ವಾರಕ್ಕೊಮ್ಮೆ ಮಾಡಿ, ನಾನೂ ಮಾಡುತ್ತೇನೆ. ಎಣ್ಣೆಯನ್ನು ಪೂರ್ತಿ ತೆಗೆಯಲೇಬೇಕು ಅನ್ನುವ ಹಟ ಬೇಡ ಅಷ್ಟೆ. ಸ್ವಲ್ಪ ಉಳಿಯಲಿ. ನಿಮ್ಮ ಅಜ್ಜಿ ಸೀಗೆಕಾಯಿ ಹಾಕಿ ತೊಳೆದಾಗ ಮೈಯಲ್ಲಿ ಜಿಡ್ಡು ಉಳಿಯುತ್ತಿತ್ತು, ಈಗಿನ ಸೋಪಿನಲ್ಲಿ ಉಳಿಯುವುದಿಲ್ಲ.

ಇನ್ನೊಂದು, ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆಲಿವ್ ಎಣ್ಣೆ ದುಬಾರಿ, ಹಾಗಾಗಿ ಒಳ್ಳೆಯದು ಅಂತ ಮಗುವಿಗೆ ಹಚ್ಚುವವರಿದ್ದಾರೆ. ಅದರಲ್ಲಿ ಓಲಿಯಿಕ್ ಆಮ್ಲ ಜಾಸ್ತಿ, ಚರ್ಮದ ಗಾರೆಯನ್ನು ಸಡಿಲ ಮಾಡುತ್ತದೆ. ಸಾಸಿವೆ ಎಣ್ಣೆ ಉರಿ ತರುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಪರವಾಗಿಲ್ಲ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅದು ಕೆಟ್ಟಿದೆ ಅಂತ ಅಲ್ಲ. ಆದರೆ ತೂತು ಮುಚ್ಚುವುದರಲ್ಲಿ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು (ವ್ಯಾಸಲೀನ್ ಅಂದರೆ ಅದೇ) ಮೀರಿಸುವ ಎಣ್ಣೆ ಇಲ್ಲ. ಅಮೆರಿಕದ ಚೀಸ್‌ಬ್ರೋ ಅದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ, ಇವತ್ತಿಗೂ ಅಷ್ಟು ಅಗ್ಗದಲ್ಲಿ ಅಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಅಂಟಂಟು, ಅದೊಂದೇ ದೋಷ.

ಮುರುಗಲು ಮರ · ಡಿಸೆಂಬರ್ 9, ರಾತ್ರಿ 8:30

ಶಿರಸಿ ಕಡೆಯವರು ಒಬ್ಬರೂ ಬರಲಿಲ್ಲವಲ್ಲ ಅಂತ ನೋಡುತ್ತಿದ್ದೆ. ಹಿಮ್ಮಡಿ ಒಡೆತ ಅಂದರೆ ನಮ್ಮಲ್ಲಿ ಮುರುಗಲು ತುಪ್ಪ. ಪುನರ್ಪುಳಿ (ಕೋಕಂ) ಅಂದರೆ ಟೀಚರ್‌ಗೆ ಗೊತ್ತಾಗುತ್ತದೆ. ಹಣ್ಣಿನ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಬೀಜವನ್ನು ಎಸೆಯುವುದಿಲ್ಲ. ಒಣಗಿಸಿ, ಓಡು ಒಡೆದು, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ಅದನ್ನು ತೆಗೆದು ತಣಿಸಿ ಕೈಯಲ್ಲಿ ಉಂಡೆ ಮಾಡಿ ಇಡುತ್ತಾರೆ. ಬೇಸಿಗೆಯಲ್ಲೂ ಕರಗುವುದಿಲ್ಲ, ಕಲ್ಲಿನ ಹಾಗೆ ಗಟ್ಟಿ. ಮೈಯ ಬಿಸಿಗೆ ತಿಕ್ಕಿದರೆ ನಿಧಾನಕ್ಕೆ ಮೆತ್ತಗಾಗುತ್ತದೆ. ತುಟಿಗೂ ಹಚ್ಚಬಹುದು, ವಾಸನೆ ಇಲ್ಲ.

ಹಳೆಯ ಕ್ರಮ ಅಂದರೆ ಉಂಡೆಯನ್ನು ಸೌಟಿನಲ್ಲಿ ಬಿಸಿ ಮಾಡಿ, ಸೀಳಿನೊಳಗೆ ಹನಿ ಹನಿ ಬಿಡುವುದು. ಚುರ್ ಅಂತ ಸುಡುತ್ತದೆ, ಆಮೇಲೆ ಹಾಯ್ ಅನ್ನಿಸುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಅಪ್ಪಯ್ಯನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ, ನಾನೇ ಬಿಸಿ ಮಾಡಿ ಕೊಟ್ಟೆ, ಅವರೇ ಬಿಟ್ಟುಕೊಂಡರು. "ಬಿಸಿಯೇ ಇಲ್ಲವಲ್ಲೋ" ಅಂದರು. ಇನ್ನಷ್ಟು ಕಾಯಿಸಿ ಕೊಟ್ಟೆ. ಮಾರನೇ ದಿನ ನೋಡಿದರೆ ಬೊಕ್ಕೆ. ಪಾದದಲ್ಲಿ ಸ್ಪರ್ಶವೇ ಹೋಗಿತ್ತು, ಅದು ಅವತ್ತು ಗೊತ್ತಾಯಿತು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಈಗ ಮನೆಯಲ್ಲಿ ಬಿಸಿ ಮಾಡಿ ಬಿಡುವ ಪದ್ಧತಿಯೇ ಇಲ್ಲ, ಉಂಡೆಯನ್ನು ತಿಕ್ಕುವುದು ಮಾತ್ರ.

ಒಪಿಡಿ ಕೊಠಡಿ 6 · ಡಿಸೆಂಬರ್ 9, ರಾತ್ರಿ 9:12

ಮುರುಗಲು ಮರ ಅವರೇ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಸೀಳು ಬರೀ ಅಂದಚೆಂದದ ವಿಷಯ ಅಲ್ಲ, ಸೋಂಕು ಒಳಗೆ ಇಳಿಯಲು ಅದು ಬಾಗಿಲು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು, ಬಗ್ಗಲು ಆಗದಿದ್ದರೆ ನೆಲದಲ್ಲಿ ಕನ್ನಡಿ ಇಟ್ಟು. ಬ್ಲೇಡು, ಕಲ್ಲು, ಬಿಸಿನೀರಿನ ಬಕೆಟ್ ಯಾವುದೂ ಬೇಡ.

ಅಂಗಾಲು, ಅಂಗೈಯಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕಡಿಮೆ. ಒಡೆತ ಅಲ್ಲೇ ಮೊದಲು ಬರುವುದು ಅದಕ್ಕೆ. ಹಿಮ್ಮಡಿಯ ಚರ್ಮ ದಪ್ಪ, ಒಣಗಿದರೆ ಬಗ್ಗುವುದಿಲ್ಲ, ಮೈಭಾರ ಬಿದ್ದಾಗ ಸೀಳುತ್ತದೆ. ಹಿಂಭಾಗ ತೆರೆದ ಚಪ್ಪಲಿ ಹಾಕಿದರೆ ಇನ್ನೂ ಜಾಸ್ತಿ. ಯೂರಿಯಾ ಇರುವ ಕ್ರೀಮು ಸಿಗುತ್ತದೆ, ಮೈಗೆ 10 ಶೇಕಡ, ಹಿಮ್ಮಡಿಗೆ 20ರಿಂದ 25. ರಕ್ತ ಬರುವ ಹಸಿ ಸೀಳಿಗೆ ಅದನ್ನು ಹಚ್ಚಬೇಡಿ, ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಅದಕ್ಕೆ ಮೊದಲು ಜೆಲ್ಲಿ, ಸೀಳು ಕೂಡಿದ ಮೇಲೆ ಯೂರಿಯಾ.

ಪುಟ್ಟಿಯ ಅಮ್ಮ · ಡಿಸೆಂಬರ್ 12, ಬೆಳಿಗ್ಗೆ 11:05

ಮಕ್ಕಳದ್ದು ಹೇಳಿ ಯಾರಾದರೂ. ನನ್ನ ಮಗಳಿಗೆ ಆರು ವರ್ಷ. ತುಟಿಯ ಸುತ್ತ ಕೆಂಪು ಬಳೆ ಬರೆದ ಹಾಗೆ ಆಗಿದೆ. ಸದಾ ನೆಕ್ಕಿಕೊಳ್ಳುತ್ತಾಳೆ. ಸ್ಟ್ರಾಬೆರಿ ವಾಸನೆಯ ಲಿಪ್ ಬಾಮ್ ತಂದುಕೊಟ್ಟೆ, ಅದನ್ನೂ ನೆಕ್ಕಿ ಮುಗಿಸಿದಳು.

ಟೊರಾಂಟೊದ ಹುಡುಗಿ · ಡಿಸೆಂಬರ್ 12, ಸಂಜೆ 7:20

ರುಚಿ ಇರುವ ಬಾಮ್ ಕೊಟ್ಟರೆ ನೆಕ್ಕದೆ ಇನ್ನೇನು ಮಾಡುತ್ತದೆ ಪಾಪ. ಎಂಜಲು ಒಣಗುವಾಗ ತುಟಿಯ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಜೊತೆಗೆ ಅನ್ನ ಜೀರ್ಣ ಮಾಡುವ ರಸ ಅದರಲ್ಲಿರುತ್ತದೆ, ಅದು ಚರ್ಮವನ್ನೂ ಕೆರಳಿಸುತ್ತದೆ. ಮಗನಿಗೂ ಹೀಗೇ ಆಗಿತ್ತು. ವಾಸನೆ ಇಲ್ಲದ ಜೆಲ್ಲಿ ಗಂಟೆಗೊಮ್ಮೆ ಹಚ್ಚಿದೆ, ತುಟಿಗೆ ಮಾತ್ರ ಅಲ್ಲ, ಆ ಕೆಂಪು ಬಳೆಯ ಪೂರ್ತಿ ಅಗಲಕ್ಕೆ. ಹತ್ತು ದಿನ ಹಿಡಿಯಿತು.

ಒಂದೇ ಟ್ಯೂಬ್ · ಡಿಸೆಂಬರ್ 13, ರಾತ್ರಿ 10:40

ಇಷ್ಟೆಲ್ಲ ಯಾಕೆ? ಮೆಡಿಕಲ್ ಶಾಪಿಗೆ ಹೋಗಿ ತುರಿಕೆ ಕ್ರೀಮು ಕೊಡಿ ಅಂದರೆ ಒಂದು ಟ್ಯೂಬ್ ಕೊಡುತ್ತಾರೆ. ನೂರು ರೂಪಾಯಿ ಒಳಗೆ. ಎರಡು ದಿನಕ್ಕೆ ತುರಿಕೆ ಮಾಯ. ನಾನು ಮೂರು ವರ್ಷದಿಂದ ಪ್ರತಿ ಚಳಿಗಾಲ ಅದನ್ನೇ ಹಚ್ಚುವುದು. ಮುಖಕ್ಕೂ ಹಚ್ಚುತ್ತೇನೆ, ಬೆಳ್ಳಗಾಗುತ್ತದೆ.

ಒಪಿಡಿ ಕೊಠಡಿ 6 · ಡಿಸೆಂಬರ್ 14, ಬೆಳಿಗ್ಗೆ 7:30

ದಯವಿಟ್ಟು ಆ ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಈ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್. ಒಳ್ಳೆಯ ಔಷಧಿಯೇ, ಎಕ್ಸಿಮಾಗೆ (ಇಸುಬು) ನಾನೇ ಬರೆಯುತ್ತೇನೆ, ಇಷ್ಟು ದಿನ, ಇಷ್ಟು ಜಾಗ ಅಂತ ಲೆಕ್ಕ ಹಾಕಿ. ಲೆಕ್ಕ ತಪ್ಪಿದರೆ ಚರ್ಮ ಕಾಗದದ ಹಾಗೆ ತೆಳ್ಳಗಾಗುತ್ತದೆ. ಮುಖದಲ್ಲಿ ಕೆಂಪು ನರಗಳು ಕಾಣುತ್ತವೆ, ಮೊಡವೆ, ಕೂದಲು ಬರುತ್ತದೆ. ಬಿಟ್ಟ ಕೂಡಲೇ ಮುಖ ಉರಿಯುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ಹುಳುಕಡ್ಡಿಗೆ ಹಚ್ಚಿದರಂತೂ ಮೇಲೆ ಮಾಸಿದ ಹಾಗೆ ಕಂಡು ಅಡಿಯಲ್ಲಿ ಹರಡುತ್ತದೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ.

ಮೂರು ವರ್ಷ ಹಚ್ಚಿದ್ದೀರಿ ಅಂದರೆ ಒಮ್ಮೆಲೇ ನೀವಾಗಿ ನಿಲ್ಲಿಸುವ ಬದಲು ಒಬ್ಬ ಚರ್ಮವೈದ್ಯರಿಗೆ ತೋರಿಸಿ. ಬೈಯುತ್ತಿಲ್ಲ, ದಿನಾ ಇಂಥ ಹತ್ತು ಮುಖ ನೋಡುತ್ತೇನೆ.

ಒಂದೇ ಟ್ಯೂಬ್ · ಡಿಸೆಂಬರ್ 14, ಬೆಳಿಗ್ಗೆ 9:55

ಓದಿದೆ. ಕ್ಲೋಬೆಟಸಾಲ್ ಅಂತ ಇದೆ. ಸುಮ್ನೆ ಇದ್ದೇನೆ ಇನ್ನು.

ಹಳೇ ಫೌಜಿ · ಡಿಸೆಂಬರ್ 15, ಸಂಜೆ 5:10

ಬೆಳಗಾವಿ ಕಡೆಯವನು ನಾನು, ಸೈನ್ಯದಲ್ಲಿದ್ದೆ, ಕಾಶ್ಮೀರದಲ್ಲಿ ನಾಲ್ಕು ಚಳಿಗಾಲ ಕಳೆದಿದ್ದೇನೆ. ನಿಮ್ಮ 11 ಡಿಗ್ರಿ ಓದಿ ನಗು ಬಂತು, ಬೇಜಾರಾಗಬೇಡಿ ಟೀಚರ್. ಆದರೆ ಒಡೆತಕ್ಕಿಂತ ಬೇರೆ ಒಂದೆರಡು ಸಂಗತಿ ಇವೆ, ಈಚೆಗೆ ನಮ್ಮ ಹುಡುಗರು ಮನಾಲಿ, ಗುಲ್ಮಾರ್ಗ್ ಅಂತ ಟೂರ್ ಹೋಗುತ್ತಾರಲ್ಲ, ಅವರಿಗೆ ಬೇಕಾಗುತ್ತದೆ.

ಕಾಲ್ಬೆರಳು ಕೆಂಪಗೆ, ನೇರಳೆ ಬಣ್ಣಕ್ಕೆ ಊದಿಕೊಂಡು, ರೂಮಿಗೆ ಬಂದು ಬೆಚ್ಚಗಾದ ಕೂಡಲೇ ಕಿತ್ತು ಹಾಕುವ ಹಾಗೆ ತುರಿಸಿದರೆ ಅದು ಚಿಲ್‌ಬ್ಲೇನ್. ಹೆಪ್ಪುಗಟ್ಟುವ ಚಳಿಯೇ ಬೇಕಿಲ್ಲ ಅದಕ್ಕೆ, ಒದ್ದೆ ಸಾಕ್ಸ್ ಮತ್ತೆ ಐದಾರು ಡಿಗ್ರಿ ಸಾಕು. ಹೊಸಬರು ಮಾಡುವ ತಪ್ಪು ಒಂದೇ, ತಣ್ಣಗಿನ ಕಾಲನ್ನು ನೇರ ಬೆಂಕಿಯ ಮುಂದೆ ಇಡುವುದು. ಚಳಿಗೆ ಮುದುರಿದ ನರಗಳಿಗೆ ಒಮ್ಮೆಗೇ ರಕ್ತ ನುಗ್ಗಿ ಊತ ಜಾಸ್ತಿಯಾಗುತ್ತದೆ. ಒಣ ಸಾಕ್ಸ್ ಹಾಕಿ, ಕಂಬಳಿಯೊಳಗೆ ನಿಧಾನ ಬೆಚ್ಚಗಾಗಲು ಬಿಡಿ. ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಬೆರಳು ಬಿಳಿಚಿ, ಗಟ್ಟಿಯಾಗಿ, ಸ್ಪರ್ಶವೇ ಹೋದರೆ ಅದು ಹಿಮಗಡಿತ, ಅದರ ಮೇಲೆ ಹಿಮ ಹಾಕಿ ತಿಕ್ಕುವುದು ಸಿನಿಮಾದವರ ಬುದ್ಧಿ, ಮಾಡಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ಕಾಂಗ್ಡಿ. ಅಲ್ಲಿನವರು ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಕುಡಿಕೆಯೊಳಗೆ ಕೆಂಡ ಇಟ್ಟುಕೊಂಡು ಫೆರನ್ (ಅಲ್ಲಿನ ಸಡಿಲ ನಿಲುವಂಗಿ) ಒಳಗೆ ಹೊಟ್ಟೆಗೆ ತಾಗಿಸಿ ಓಡಾಡುತ್ತಾರೆ. ಹಾಯಾಗಿರುತ್ತದೆ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಅಲ್ಲಿನ ಮುದುಕರ ತೊಡೆ, ಹೊಟ್ಟೆ ಮೇಲೆ ಬಲೆ ಹಾಸಿದ ಹಾಗೆ ಕಂದು ಕಲೆ ನೋಡಿದ್ದೇನೆ. ವರ್ಷಗಟ್ಟಲೆ ಹಾಗೆ ಸುಟ್ಟ ಚರ್ಮದಲ್ಲಿ ಕ್ಯಾನ್ಸರ್ ಬರುತ್ತದೆ, ಕಾಂಗ್ಡಿ ಕ್ಯಾನ್ಸರ್ ಅಂತಲೇ ಹೆಸರು, 19ನೇ ಶತಮಾನದಿಂದಲೂ ವೈದ್ಯರು ಬರೆದಿಟ್ಟಿದ್ದಾರೆ. ಬಿಸಿನೀರಿನ ಚೀಲವನ್ನು ದಿನಾ ಒಂದೇ ಜಾಗಕ್ಕೆ ಒತ್ತಿಕೊಂಡು ಮಲಗುವವರು ತಮ್ಮ ಸೊಂಟವನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ, ಆ ಬಲೆ ಅಲ್ಲೂ ಶುರುವಾಗುತ್ತದೆ.

ಮತ್ತೆ ಬಿಸಿಲು. ಹಿಮದ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ 80 ಶೇಕಡದವರೆಗೆ ವಾಪಸ್ ಚಿಮ್ಮುತ್ತದೆ, ಸಾವಿರ ಮೀಟರ್ ಏರಿದಂತೆ ಬಿಸಿಲಿನ ಆ ಶಕ್ತಿ ಹತ್ತು ಶೇಕಡ ಜಾಸ್ತಿ. ಚಳಿ ಇದೆ ಅಂತ ಸನ್‌ಸ್ಕ್ರೀನ್ ಬಿಟ್ಟವರ ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳಗೆಲ್ಲ ಸುಟ್ಟಿರುತ್ತದೆ. ಕೆಳಗಿನಿಂದ ಬಂದ ಬಿಸಿಲು ಅದು.

ಬೀದರ್ ಥಂಡಿ · ಡಿಸೆಂಬರ್ 15, ಸಂಜೆ 6:00

ಫೌಜಿ ಸಾಹೇಬರೇ, ಬೆಂಗಳೂರಿನವರು 14 ಡಿಗ್ರಿಗೆ ಮಂಕಿ ಕ್ಯಾಪ್ ಹಾಕುತ್ತಾರೆ, ಮೊದಲು ಅವರನ್ನು ನೋಡಿ ನಗಿ.

ಮಲ್ಲೇಶ್ವರ 18ನೇ ಕ್ರಾಸ್ · ಡಿಸೆಂಬರ್ 15, ಸಂಜೆ 6:22

ನಮ್ಮೂರಲ್ಲೂ 7.8 ಡಿಗ್ರಿ ಬಂದಿತ್ತು. 1884ರ ಜನವರಿ 13ಕ್ಕೆ. ಅದನ್ನು ನೆನೆಸಿಕೊಂಡೇ ಕ್ಯಾಪ್ ಹಾಕುವುದು.

ಪುಟ್ಟಿಯ ಅಮ್ಮ · ಡಿಸೆಂಬರ್ 20, ರಾತ್ರಿ 11:30

ತುಟಿ ವಾಸಿಯಾಯಿತು, ಥ್ಯಾಂಕ್ಸ್. ಈಗ ಬೇರೆ ಗೋಳು. ಮೈಯೆಲ್ಲ ತುರಿಕೆ. ಇಲ್ಲಿ ಹೇಳಿದ ಹಾಗೆ ಸ್ನಾನ ಆದ ಕೂಡಲೇ ಲೋಷನ್ ಹಚ್ಚುತ್ತಿದ್ದೇವೆ, ಒಂದಿಷ್ಟೂ ಕಮ್ಮಿಯಾಗಿಲ್ಲ. ಮಗಳು ನಿದ್ದೆಯಲ್ಲೇ ಕೆರೆದುಕೊಳ್ಳುತ್ತಾಳೆ. ನನಗೂ ಶುರುವಾಗಿದೆ. ಈ ವರ್ಷದ ಗಾಳಿ ಅಷ್ಟು ಒಣಗಿದೆಯಾ?

ಒಪಿಡಿ ಕೊಠಡಿ 6 · ಡಿಸೆಂಬರ್ 21, ಬೆಳಿಗ್ಗೆ 6:50

ಮೂರು ಪ್ರಶ್ನೆ. ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ಜಾಸ್ತಿಯಾ? ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆ ಇವೆಯಾ? ಮನೆಗೆ ಯಾರಾದರೂ ಬಂದು ಹೋದರಾ, ಅವರಿಗೂ ತುರಿಕೆ ಇತ್ತಾ?

ಪುಟ್ಟಿಯ ಅಮ್ಮ · ಡಿಸೆಂಬರ್ 21, ಬೆಳಿಗ್ಗೆ 8:15

ಮೂರಕ್ಕೂ ಹೌದು. ನನ್ನ ತಮ್ಮ ಹಾಸ್ಟೆಲ್‌ನಿಂದ ಬಂದಿದ್ದ, ನವೆಂಬರ್‌ನಲ್ಲಿ. ಮಗಳ ಜೊತೆ ಒಂದೇ ಕಂಬಳಿಯಲ್ಲಿ ಮಲಗಿದ್ದ.

ಒಪಿಡಿ ಕೊಠಡಿ 6 · ಡಿಸೆಂಬರ್ 21, ಬೆಳಿಗ್ಗೆ 8:40

ಇದು ಚಳಿಯ ಒಣ ತುರಿಕೆ ಅಲ್ಲ ಅಂತ ನನ್ನ ಅನುಮಾನ, ಕಜ್ಜಿ ಇರಬಹುದು. ನೋಡದೆ ಖಚಿತವಾಗಿ ಹೇಳುವುದಿಲ್ಲ, ಇವತ್ತೇ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ. ಸಣ್ಣ ಹುಳ ಅದು, ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಸುರಂಗ ಕೊರೆಯುತ್ತದೆ. ಚಳಿಗಾಲದಲ್ಲಿ ಜನ ಹತ್ತಿರ ಹತ್ತಿರ ಮಲಗುತ್ತಾರೆ, ಕಂಬಳಿ ಹಂಚಿಕೊಳ್ಳುತ್ತಾರೆ, ಅದಕ್ಕೇ ಈಗ ಜಾಸ್ತಿ. ಕೊಳಕಿಗೆ ಬರುವ ಕಾಯಿಲೆ ಅಂತ ನಾಚಿಕೆ ಬೇಡ, ದಿನಕ್ಕೆರಡು ಸ್ನಾನ ಮಾಡುವವರಿಗೂ ಬರುತ್ತದೆ.

ಸಾಮಾನ್ಯವಾಗಿ ಪರ್ಮೆಥ್ರಿನ್ 5 ಶೇಕಡ ಕ್ರೀಮು ಕೊಡುತ್ತಾರೆ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿಯೂ ಬಿಡದೆ, ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವುದು, ವಾರ ಬಿಟ್ಟು ಮತ್ತೊಮ್ಮೆ. ಜನ ಸೋಲುವುದು ಒಂದೇ ಕಡೆ. ತುರಿಕೆ ಇದ್ದವರು ಮಾತ್ರ ಹಚ್ಚಿಕೊಳ್ಳುತ್ತಾರೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದ ಮಾವನವರೂ. ಹಾಸಿಗೆ ಬಟ್ಟೆ ಬಿಸಿನೀರಿಗೆ, ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟಬೇಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಗಾಬರಿಯಾಗಬೇಡಿ. ತಮ್ಮನಿಗೆ ಫೋನ್ ಮಾಡಿ.

ಕಡಲೂರಿನವಳು · ಡಿಸೆಂಬರ್ 23, ರಾತ್ರಿ 9:00

ನನ್ನ ಕಡೆಯಿಂದ ವರದಿ. ಸ್ನಾನ ಹತ್ತು ನಿಮಿಷಕ್ಕೆ ಇಳಿದಿದೆ, ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಕಡಲೆಹಿಟ್ಟು ಬಜ್ಜಿಗೆ ಮಾತ್ರ. ಕಾಲಿನ ಬೂದಿ ಬಣ್ಣ ನಾಲ್ಕೇ ದಿನಕ್ಕೆ ಹೋಯಿತು. ಹಿಮ್ಮಡಿ ಅರ್ಧ ಕೂಡಿತ್ತು, ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಸಹೋದ್ಯೋಗಿ ಒಬ್ಬರು ಹೊಲಕ್ಕೆ ಊಟಕ್ಕೆ ಕರೆದರು. ಭಜ್ಜಿ, ಸಜ್ಜೆ ಕಡುಬು, ಅಂಬಲಿ, ಜೀವಮಾನದಲ್ಲಿ ಅಂಥ ಊಟ ಮಾಡಿಲ್ಲ. ಖುಷಿಯಲ್ಲಿ ಚಪ್ಪಲಿ ಬಿಟ್ಟು ಎರೆಮಣ್ಣಿನಲ್ಲಿ ಇಡೀ ಮಧ್ಯಾಹ್ನ ಓಡಾಡಿದೆ. ಆ ಹೊಲವೂ ಬಿರಿದಿತ್ತು, ನನ್ನ ಹಿಮ್ಮಡಿಯೂ ಬಿರಿಯಿತು, ಯಾವುದು ಯಾವುದರ ಫೋಟೋ ಅಂತ ಹೇಳುವುದು ಕಷ್ಟ.

ಒಂದು ಅನುಮಾನ. ನಮ್ಮ ಮನೆ ಓನರ್ ಅಜ್ಜಿಗೆ 74 ವರ್ಷ. ಅವರ ಮೊಣಕಾಲ ಕೆಳಗೂ ಹಾಗೇ, ಒಣಗಿದ ಕೆರೆಯ ತಳದ ಹಾಗೆ ಗೆರೆ ಗೆರೆ, ಗೆರೆಯ ಒಳಗೆ ಕೆಂಪು. ಅದೂ ಇದೇನಾ?

ಒಪಿಡಿ ಕೊಠಡಿ 6 · ಡಿಸೆಂಬರ್ 24, ಮಧ್ಯಾಹ್ನ 2:05

ನೋಟಕ್ಕೆ ಅದೇ, ವಯಸ್ಸಾದವರ ಒಣ ಎಕ್ಸಿಮಾ. ವಯಸ್ಸಾದಂತೆ ಜಿಡ್ಡು ಕಮ್ಮಿ. ದಿನಕ್ಕೆ ಎರಡು ಸಲ ಜೆಲ್ಲಿ, ಸ್ನಾನ ದಿನ ಬಿಟ್ಟು ದಿನ, ಉಣ್ಣೆ ಬಟ್ಟೆಯ ಒಳಗೆ ಹತ್ತಿ ಬಟ್ಟೆ. ಎರಡು ವಾರ ಹೀಗೆ ಮಾಡಿಯೂ ತುರಿಕೆ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡ್, ಸಕ್ಕರೆ, ಕಿಡ್ನಿ, ಲಿವರ್. ಥೈರಾಯ್ಡ್ ಕಮ್ಮಿಯಾದರೂ ಮೈ ಒಣಗುತ್ತದೆ, ಚಳಿಯೂ ಜಾಸ್ತಿ ಅನ್ನಿಸುತ್ತದೆ. ಎಲ್ಲ ತಪ್ಪನ್ನೂ ಡಿಸೆಂಬರ್ ಮೇಲೆ ಹಾಕುವ ಹಾಗಿಲ್ಲ.

ಬೀದರ್ ಥಂಡಿ · ಜನವರಿ 13, ರಾತ್ರಿ 8:45

ನಾಳೆ ಸಂಕ್ರಮಣ. ಟೀಚರ್, ನಮ್ಮ ಕಡೆ ಎಳ್ಳು ಅರೆದು ಮೈಗೆ ಹಚ್ಚಿ ಸ್ನಾನ ಮಾಡುತ್ತಾರೆ. ಸೋಪು ಮುಟ್ಟುವ ಹಾಗಿಲ್ಲ ಅವತ್ತು. ಡಾಕ್ಟ್ರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಒಪಿಡಿ ಕೊಠಡಿ 6 · ಜನವರಿ 13, ರಾತ್ರಿ 9:20

ಒಪ್ಪಿಗೆ ಇದೆ. ನುಣ್ಣಗೆ ಅರೆಯಿರಿ, ತರಿ ತರಿ ಇದ್ದರೆ ಗೀರುತ್ತದೆ. ನನಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎತ್ತಿಡಿ.

ಪುಟ್ಟಿಯ ಅಮ್ಮ · ಜನವರಿ 14, ಮಧ್ಯಾಹ್ನ 12:10

ಕಜ್ಜಿಯೇ ಆಗಿತ್ತು. ಎರಡೂ ಸಲ ಹಚ್ಚಿ ಆಯಿತು, ಮಾವನವರನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. ತಮ್ಮನ ಹಾಸ್ಟೆಲ್ ರೂಮಿನಲ್ಲಿ ಐದೂ ಜನಕ್ಕೆ ಇತ್ತಂತೆ, ಐವರೂ ಬೇರೆ ಬೇರೆ ಲೋಷನ್ ಹಚ್ಚಿಕೊಂಡು ಕೂತಿದ್ದರಂತೆ. ಮಗಳು ಈಗ ರಾತ್ರಿ ಎದ್ದೇಳುವುದಿಲ್ಲ.

ಕಡಲೂರಿನವಳು · ಜನವರಿ 15, ಸಂಜೆ 5:30

ಎಳ್ಳು ಸ್ನಾನ ಆಯಿತು. ಮೈಯೆಲ್ಲ ಚಟ್ನಿಯ ವಾಸನೆ. ಅಮ್ಮ ಊರಿಂದ ಪಾರ್ಸೆಲ್ ಕಳಿಸಿದ್ದಾರೆ, ಪುನರ್ಪುಳಿ ಬೀಜದ ತುಪ್ಪದ ಎರಡು ಉಂಡೆ. ಒಂದು ನನಗೆ, ಇನ್ನೊಂದು ಓನರ್ ಅಜ್ಜಿಗೆ ಕೊಟ್ಟೆ. ಅವರು ಅದನ್ನು ಮೂಸಿ ನೋಡಿ, ಬೆಲ್ಲ ಅಂದುಕೊಂಡು ಒಂದು ಚೂರು ಕಚ್ಚಿದರು. ಈಗ ಹಚ್ಚಿಕೊಳ್ಳುತ್ತಿದ್ದಾರೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದಂತೆ, ಇನ್ನೊಂದು ತಿಂಗಳು ಇದೆ. ಜೆಲ್ಲಿ ಡಬ್ಬಿ ಮೂರನೆಯದು ಶುರು ಮಾಡಿದ್ದೇನೆ. ಕ್ಲಾಸಿನಲ್ಲಿ ಕಾಲ ಮೇಲೆ ಹೆಸರು ಬರೆಯುತ್ತಿದ್ದ ಹುಡುಗನಿಗೆ ಎರಡನೆಯ ಡಬ್ಬಿಯಲ್ಲಿ ಉಳಿದದ್ದನ್ನು ಕೊಟ್ಟೆ. ಒಂದು ವಾರ ಬಿಟ್ಟು ಬಂದು, "ಮಿಸ್, ಈಗ ಬರೆದರೆ ಬರೋದೇ ಇಲ್ಲ" ಅಂದ, ಮುಖ ಸಣ್ಣ ಮಾಡಿಕೊಂಡು.